ಕಡಲತೀರದ ಬಾಚಣಿಗೆ

ನಮ್ಮೂರಿನ ಕಡಲತೀರವನ್ನು ಇಪ್ಪತ್ತೆರಡು ವರ್ಷ ಗುಡಿಸಿದ ಪುರಸಭೆಯ ನೌಕರನನ್ನು ಎಲ್ಲರೂ ‘ಬಾಚಣಿಗೆ’ ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ನನ್ನ ವಿದ್ಯಾರ್ಥಿ. ಅಕ್ಷರ ಕೋಳಿ ಕೆದರಿದಂತೆ; ಆದರೆ ಹಲ್ಲುಕುಂಟೆ ಹಿಡಿದು ಮರಳಿನ ಮೇಲೆ ಎಳೆದ ಗೆರೆಗಳು ಮಾತ್ರ ಬಲು ನೇರ. ಅಲೆ ತಂದು ಹಾಕಿದ ಪಾಚಿ, ಕಡ್ಡಿ, ಅಲ್ಲೇ ಚಿಗುರಿದ ಬಳ್ಳಿ ಎಲ್ಲವನ್ನೂ ಬಾಚಿ ಗಾಡಿಗೆ ತುಂಬುತ್ತಿದ್ದ. ಒಂದು ಎಲೆ ಉಳಿದರೂ ಅವನಿಗೆ ಊಟ ಸೇರದು.

ಕಡಲಿಗೆ ಎದುರಾದ ಮೊದಲ ಮನೆ ಅವನ ಅಕ್ಕನದು. ಅದರ ಮುಂದಿದ್ದ ಮರಳದಿಬ್ಬ ವರ್ಷವರ್ಷವೂ ಸವೆದು, ಒಂದು ಬಿರುಗಾಳಿಗೆ ನೀರು ಅಡುಗೆಮನೆಗೇ ನುಗ್ಗಿತು. ಇನ್ನೊಮ್ಮೆ ಹೀಗಾದರೆ ಮನೆ ಬಿಡಬೇಕಾಗುತ್ತದೆ ಎಂದು ಪುರಸಭೆಯವರು ಎಚ್ಚರಿಸಿದರು. ಜೊತೆಗೆ ಬಂದಿದ್ದ ಎಂಜಿನಿಯರಮ್ಮ ಬೋಳು ಮರಳನ್ನು ನೋಡಿದರು.

“ಇಲ್ಲಿನ ಪಾಚಿಯೆಲ್ಲ ಎಲ್ಲಿ ಹೋಯ್ತು?”

“ಒಂದು ಕಡ್ಡೀನೂ ಬಿಡಲ್ಲ ಮೇಡಂ,” ಎಂದ ಇವನು, ಎದೆಯುಬ್ಬಿಸಿ.

“ಅಯ್ಯೋ ಪುಣ್ಯಾತ್ಮ! ಗಾಳಿ ತರೋ ಮರಳನ್ನ ಹಿಡ್ಕೊಳ್ಳೋದೇ ಆ ಪಾಚಿ, ಆ ಬಳ್ಳಿ. ದಿಬ್ಬಾನ ನೀವೇ ಗುಡಿಸಿ ಹಾಕಿದ್ದೀರಲ್ಲ!”

ಆಮೇಲೆ ಅವನು ಪುರಸಭೆಯ ಒಪ್ಪಿಗೆ ಪಡೆದು ಅಕ್ಕನ ಮನೆಯ ಮುಂದೆ ಕಡ್ಡಿಯ ಗಿಡ್ಡ ಬೇಲಿ ನೆಟ್ಟು, ಬುಡಕ್ಕೆ ಪಾಚಿ ಹಾಸಿ, ಬಳ್ಳಿಯ ತುಂಡುಗಳನ್ನು ಊರಿದ. ವಾರ ಕಳೆದಿರಲಿಲ್ಲ, ಒಂದು ಮುಂಜಾನೆ ಅಭ್ಯಾಸಬಲದಿಂದ ತಾನೇ ಹಾಸಿದ್ದನ್ನು ಅರ್ಧ ಬೇಲಿಯವರೆಗೆ ಬಾಚಿ ಗಾಡಿಗೆ ತುಂಬಿಬಿಟ್ಟಿದ್ದ!

“ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೋ ನಿಂದು. ಕೊಡಿಲ್ಲಿ ಆ ಕುಂಟೆ,” ಎಂದು ಅಕ್ಕ ಅದನ್ನು ಕಸಿದು ಅಟ್ಟಕ್ಕೆ ಹಾಕಿದಳು.

ಊರವರು ಬಿಡುತ್ತಾರೆಯೇ? “ಏನಪ್ಪಾ ಬಾಚಣಿಗೆ, ಹಲ್ಲು ಉದುರೋಯ್ತಾ?”

“ಇಲ್ಲಣ್ಣ, ಕೂದಲು ಬೆಳೀಲಿ ಅಂತ ಬಿಟ್ಟಿದ್ದೀನಿ.”

ಮೂರು ವರ್ಷದಲ್ಲಿ ಬೇಲಿ ಎರಡು ಸಲ ಮರಳಲ್ಲಿ ಹೂತುಹೋಯಿತು. ಅದರ ಮೇಲೆಯೇ ಮತ್ತೆ ನೆಟ್ಟ. ದಿಬ್ಬ ಅವನ ಎದೆಮಟ್ಟಕ್ಕೆ ಬಂದಿತು, ಬಳ್ಳಿ ಹೂಬಿಟ್ಟಿತು. ನಾಲ್ಕನೆಯ ವರ್ಷ ಬಿರುಗಾಳಿ ಮರಳಿ ಬಂದು, ಹಗಲೆಲ್ಲ ಅಲೆಗಳು ದಿಬ್ಬವನ್ನು ಕಡಿದವು. ಸಂಜೆಗೆ ಅರ್ಧ ದಿಬ್ಬವೇ ಇರಲಿಲ್ಲ. ಅಕ್ಕನ ಹೊಸ್ತಿಲಿಗೆ ಮಾತ್ರ ಹನಿ ನೀರೂ ತಾಗಿರಲಿಲ್ಲ.

ಮರುದಿನ ನೋಡಲು ಹೋದೆ. “ಅಷ್ಟು ಕಷ್ಟಪಟ್ಟಿದ್ದೆ, ಅರ್ಧ ಹೋಯ್ತಲ್ಲೋ,” ಎಂದೆ.

“ಮನೆ ಬದಲು ಅದು ಹೋಯ್ತು, ಹೋಗ್ಲಿ ಬಿಡಿ ಮೇಷ್ಟ್ರೇ,” ಎಂದವನು, ಅಲೆ ತಂದಿದ್ದ ಹೊಸ ಪಾಚಿಯನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡು ಬಂದು ದಿಬ್ಬದ ಬುಡಕ್ಕೆ ಸುರಿದ.

ಒಳಗಿನಿಂದ ಅಕ್ಕ ಕೂಗಿದಳು: “ಕೈ ತೊಳ್ಕೊಂಡು ಬಾರೋ, ಊಟ ಆರೋಗ್ತಿದೆ!”