ಕಾಕೂಗಾಗಿ ಬೆಳೆಸಿದ ಹುಲ್ಲು

ಕಾಕಾ ಅವರ ಬಲಗೈ ಬೆರಳ ತುದಿಗಳು ವರ್ಷವಿಡೀ ಬಿರಿದೇ ಇರುತ್ತಿದ್ದವು. ವೈಜಾಪುರದ ತಮ್ಮ ಗೊಬ್ಬರದ ಅಂಗಡಿಯಲ್ಲಿ ಚೀಲಕ್ಕೆ ಕೈ ಹಾಕಿ, ಗೊಬ್ಬರದ ಕಾಳನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡದೆ ಅವರು ಯಾರಿಗೂ ಮಾಲು ಕೊಟ್ಟವರಲ್ಲ. ಬೆಳಗ್ಗೆ ವಿಭೂತಿ ಹಚ್ಚಿಕೊಂಡ ಮೇಲೆ ಆ ಬಿರುಕುಗಳಲ್ಲಿ ಬಿಳಿ ಬೂದಿ ಸಂಜೆಯವರೆಗೂ ಉಳಿದಿರುತ್ತಿತ್ತು.

ಬ್ಯಾಂಕಿನ ವರ್ಗಾವಣೆಯಲ್ಲಿ ಕಲಬುರಗಿಯಿಂದ ಮರಾಠಿ ನಾಡಿನ ಸಂಭಾಜಿನಗರಕ್ಕೆ ಬಂದ ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರು ಬೀದರ ಕಡೆಯವರು. ನನ್ನ ಕನ್ನಡ ಕೇಳಿದ್ದೇ ತಡ, ಮನೆ ತೋರಿಸುವುದನ್ನು ಮರೆತು ಚಹಾಕ್ಕೆ ಕೂರಿಸಿದ್ದರು. ಆ ಹೊತ್ತಿಗೆ ಅಂಗಡಿಯನ್ನು ಅಣ್ಣನ ಮಗನಿಗೆ ವಹಿಸಿದ್ದರೂ ಬಾಯಿಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ. ಬಾವಿಯಲ್ಲಿ ನೀರಿಲ್ಲದ ರೈತರು ಬೇಸಿಗೆಯಲ್ಲಿ ಯೂರಿಯಾ ಕೇಳಲು ಬಂದರೆ ಬೈದು ವಾಪಸು ಕಳಿಸುತ್ತಿದ್ದುದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಅವರಿಗೆ ಮರಾಠಿಯಲ್ಲಿ ಬೈದದ್ದನ್ನು ನನಗೆ ಕನ್ನಡದಲ್ಲಿ ಹೇಳಿ ತೋರಿಸುತ್ತಿದ್ದರು: "ಹಸದ ಹೊಟ್ಟಿಗಿ ಖಾರ ತಿನ್ನಸ್ತಿ ಏನೋ? ಮೊದಲ ನೀರ್, ಆಮ್ಯಾಲ ಗೊಬ್ಬರ."

ಮನೆಯ ಮುಂದೆ ಎರಡು ಚಾಪೆ ಹಾಸುವಷ್ಟು ಜಾಗದಲ್ಲಿ ಹುಲ್ಲು ಬೆಳೆಸಿದ್ದರು. ಅದು ಶೋಕಿಗಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಹೆಂಡತಿಗೆ, ನಮ್ಮ ಕಾಕೂಗೆ, ಅಂಗಾಲು ಉರಿ. ಸಂಜೆ ಕುರ್ಚಿ ಹಾಕಿಕೊಂಡು ಹುಲ್ಲಿನ ಮೇಲೆ ಬರಿಗಾಲು ಇಟ್ಟು ಕೂತರೆ ಒಂದಿಷ್ಟು ಸಮಾಧಾನ. ಅದಕ್ಕೆಂದೇ ನಾಶಿಕದ ನರ್ಸರಿಯಿಂದ ಹುಲ್ಲಿನ ಹಾಸನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಟೆಂಪೋ ನಿಲ್ಲಿಸಿ ನೀರು ಚಿಮುಕಿಸುತ್ತ ತಂದಿದ್ದರಂತೆ. ವಾರಕ್ಕೊಮ್ಮೆ ನಳ ಬರುವ ಊರಿನಲ್ಲಿ ಹುಲ್ಲು ಸಾಕುವುದೆಂದರೆ ಓಣಿಗೆಲ್ಲ ನಗೆಪಾಟಲು. ಕಾಕಾ ತಲೆ ಕೆಡಿಸಿಕೊಳ್ಳಲಿಲ್ಲ. ತರಕಾರಿ ತೊಳೆದ ನೀರು, ಫಿಲ್ಟರಿನಿಂದ ವ್ಯರ್ಥ ಹೋಗುವ ನೀರು, ಕೊನೆಗೆ ನನ್ನ ಕೂಲರಿನ ತಳದ ನೀರನ್ನೂ ಬಿಡುತ್ತಿರಲಿಲ್ಲ. ನಾನದನ್ನು ಮೋರಿಗೆ ಚೆಲ್ಲಿದ ದಿನ ಮುಖ ಊದಿಸಿಕೊಂಡು ಕೂತಿರುತ್ತಿದ್ದರು.

ಆ ಮೇ ತಿಂಗಳಲ್ಲಿ ಕಾಕೂ ಕಿಡ್ನಿ ತೊಂದರೆಯಿಂದ ಆಸ್ಪತ್ರೆ ಸೇರಿದರು. ಕಾಕಾ ಹಗಲೆಲ್ಲ ಅಲ್ಲೇ. ಹುಲ್ಲು ಹಳದಿಗೆ ತಿರುಗಿತು. ಇನ್ನೆರಡು ದಿನದಲ್ಲಿ ಮನೆಗೆ ಕಳಿಸುತ್ತೇವೆಂದು ಡಾಕ್ಟರು ಹೇಳಿದ್ದೇ, ಕಾಕೂ ಬಂದು ನೋಡುವಾಗ ಅದು ಹಸಿರಾಗಿರಬೇಕೆಂಬ ಹಟ ಅವರಿಗೆ ಹಿಡಿಯಿತು. ಬೇರೆ ಯಾರದಾದರೂ ಅಂಗಳವಾಗಿದ್ದರೆ, ಅದು ಬಿಸಿಲಿಗೆ ಮಲಗಿದ ಹುಲ್ಲು, ಮಳೆ ಬಂದರೆ ತಾನೇ ಏಳುತ್ತದೆ ಎಂದು ಅವರೇ ಹೇಳುತ್ತಿದ್ದರು. ಮರುದಿನ ಬೆಳಗ್ಗೆ ನಳದ ಪಾಳಿ. ಅದನ್ನು ನಂಬಿ ಸಂಜೆಯೇ ಮುಷ್ಟಿ ಮುಷ್ಟಿ ಯೂರಿಯಾ ಎರಚಿದರು.

ಬೆಳಗ್ಗೆ ನಳ ಬರಲಿಲ್ಲ. ದೊಡ್ಡ ಪೈಪು ಎಲ್ಲೋ ಒಡೆದಿದೆಯೆಂದು ಸುದ್ದಿ ಬಂತು. ಟ್ಯಾಂಕರಿನವರು ಫೋನೇ ಎತ್ತಲಿಲ್ಲ. ಮನೆಯಲ್ಲಿದ್ದ ಬಕೆಟ್ ನೀರು ಚಿಮುಕಿಸಿದರು. ಕಾಳು ಕರಗಲು ಅಷ್ಟು ಸಾಕಾಯಿತು, ತೊಳೆದು ಕೆಳಗಿಳಿಸಲು ಸಾಲಲಿಲ್ಲ. ಮಧ್ಯಾಹ್ನದ ಬಿಸಿಲು ಉಳಿದ ಕೆಲಸ ಮುಗಿಸಿತು. ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ಹುಲ್ಲು ಹುರಿದ ಹಾಗೆ ಕಂದಾಗಿತ್ತು. ಕಾಕಾ ಮೆಟ್ಟಿಲ ಮೇಲೆ ಕೂತು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

ಮಾರನೆಯ ದಿನ ಕಾಕೂ ಆಟೋ ಇಳಿದರು. ಹುಲ್ಲು ನೋಡಿದರು, ಗಂಡನ ಮುಖ ನೋಡಿದರು. ಕುರ್ಚಿ ತರಲು ನನಗೆ ಕೈಸನ್ನೆ ಮಾಡಿ, ಚಪ್ಪಲಿ ಬಿಟ್ಟು ಆ ಸುಟ್ಟ ಕಡ್ಡಿಗಳ ಮೇಲೆ ಕಾಲಿಟ್ಟರು. ಬೆರಳುಗಳು ಒಳಕ್ಕೆ ಮುದುಡಿದ್ದು ನನಗೂ ಕಂಡಿತು.

"ತಂಪ್ ಅದರಿ," ಎಂದರು.

ಕಾಕಾ ಒಳಗೆ ಹೋಗಿಬಿಟ್ಟರು.

ಮಳೆಗೆ ಮೊದಲೇ ಕಾಕೂ ತೀರಿಕೊಂಡರು. ಆ ಸಾವಿಗೂ ಹುಲ್ಲಿಗೂ ಸಂಬಂಧವಿಲ್ಲವೆಂದು ನಾನು ಹೇಳಿದಾಗಲೆಲ್ಲ ಕಾಕಾ ಎದ್ದು ಒಳಗೆ ಹೋಗುತ್ತಿದ್ದರು. ಅಂಗಡಿಯ ಸುದ್ದಿ ನಿಂತಿತು. ನನ್ನ ಕೂಲರಿನ ನೀರನ್ನು ಯಾರೂ ಕೇಳುತ್ತಿರಲಿಲ್ಲ. ನಾನೇ ಇಳಿಸಿ ತಂದಿಟ್ಟರೂ ಬಕೆಟ್ ಹಾಗೇ ಇರುತ್ತಿತ್ತು.

ಜುಲೈನಲ್ಲಿ ಸುಟ್ಟ ಜಾಗದ ಅಂಚಿನಿಂದ ಹುಲ್ಲು ಹಬ್ಬಲು ಶುರುವಾಯಿತು. ಯಾರೂ ಏನೂ ಹಾಕಿರಲಿಲ್ಲ. ಒಂದು ಸಂಜೆ ಕಾಕಾ ವರಾಂಡದಲ್ಲಿ ನಿಂತಿದ್ದಾಗ, ಅವರಿಗೆ ಖುಷಿಯಾದೀತೆಂದು ಹೇಗೆ ಹಸಿರಾಗಿದೆ ನೋಡಿ ಎಂದೆ.

"ಹಸರ್ ಬೇಕಂತ ಆಕಿ ಎಂದೂ ಅಂದಿದ್ದಿಲ್ಲ ತಮ್ಮಾ," ಎಂದರು. "ಕಾಲಿಡ್ಲಾಕ ಒಂದೀಟ್ ಮೆತ್ತನ ಜಾಗ ಇದ್ರ ಆಕಿಗಿ ಸಾಕಿತ್ತು. ಹಳದಿ ಹುಲ್ಲೂ ಮೆತ್ತಗೇ ಇತ್ತು. ಹಸರ್ ಬೇಕಾಗಿದ್ದು ನನಗ."

ಕಾಕಾ ಹೋಗಿ ಈಗ ಒಂದು ವರ್ಷವಾಯಿತು. ಅವರು ಬದುಕಿದ್ದಷ್ಟು ದಿನವೂ ಆ ಹುಲ್ಲಿನ ಮೇಲೆ ಒಮ್ಮೆಯೂ ಕಾಲಿಡಲಿಲ್ಲ.