ಇಳಿ ಎಂದರೆ

ಟೀಚರ್ ಉಡುತ್ತಿದ್ದ ಸೀರೆಗಳಿಗೆಲ್ಲ ಬಲಗಡೆಯ ಅಂಚಿನಲ್ಲಿ ಒಂದು ಕಪ್ಪು ಗೆರೆ ಇರುತ್ತಿತ್ತು. ಸೈಕಲ್ ಚೈನಿನ ಎಣ್ಣೆ. ಎಷ್ಟು ತಿಕ್ಕಿದರೂ ಹೋಗದ್ದು. ಹೊಸನಗರದ ಹತ್ತಿರದ ನಮ್ಮೂರಿನ ಅಂಗನವಾಡಿಗೆ ನಿವೃತ್ತರಾಗುವವರೆಗೂ ಅವರು ಸೈಕಲ್ಲಿನಲ್ಲೇ ಹೋಗಿ ಬಂದವರು. ಆಮೇಲೂ ನಮ್ಮ ಪಕ್ಕದ ಮನೆಯಿಂದ ಪೇಟೆಗೆ ಹೊರಟರೆ ಅದೇ ಸೈಕಲ್ಲು. ಮಾತು ಶುರುವಾಗುತ್ತಿದ್ದದ್ದೇ "ಸಾಕಾಯ್ತು ಮಾರಾಯ್ತಿ" ಎಂದು. ಹಾಗೆಂದು ಸುಮ್ಮನಾದದ್ದನ್ನು ಮಾತ್ರ ನಾನು ಕಂಡಿಲ್ಲ.

ನನ್ನ ಮಗಳು ಹೈಸ್ಕೂಲಿಗೆ ಸೇರಿದ ವರ್ಷ. ಶಾಲೆಯ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಮುಖ್ಯರಸ್ತೆಯಲ್ಲಿ ಟಿಪ್ಪರುಗಳ ಓಡಾಟ. ಅಲ್ಲಿ ಅವಳನ್ನು ಸೈಕಲ್ ಮೇಲೆ ಬಿಡಲು ನನಗೆ ಧೈರ್ಯವಿಲ್ಲ. ಸಾಗರದ ಹಾಸ್ಟೆಲಿಗೆ ಹಾಕೋಣ ಎಂದರು ನಮ್ಮನೆಯವರು. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದ ನನಗೆ ಅಲ್ಲಿನ ಸಂಜೆಗಳು ಗೊತ್ತು. ನಾನು ಬೇಡವೆಂದೆ.

ಶಾಲೆಗೆ ಉಳಿದ ದಾರಿ ಹಳೇ ಗಾಡಿರಸ್ತೆ, ಪೊದೆ ಬೆಳೆದು ಕಾರು ನುಗ್ಗದಷ್ಟು ಇಕ್ಕಟ್ಟಾದದ್ದು. ಅದನ್ನು ಸರಿಮಾಡಿಸಲು ನಾನು, ಟೀಚರ್ ಇಬ್ಬರೂ ಪಂಚಾಯಿತಿಗೆ ಅಲೆದೆವು. ಕೊನೆಗೆ ಜಲ್ಲಿ ಸುರಿದರು, ರೋಲರ್ ಓಡಿಸಲಿಲ್ಲ. ದಾರಿಯ ಬಾಯಿಗೆ 'ಸೈಕಲ್ ಪಥ' ಎಂಬ ಬೋರ್ಡು ಬಂತು. ಅದರಲ್ಲಿ ಬರೆದಿದ್ದ ಸೈಕಲ್ಲಿಗೆ ಚೈನೇ ಇರಲಿಲ್ಲ.

"ಪಾಪ, ಅದ್ಕೇ ಅಲ್ಲೇ ನಿಂತ್ಬಿಟ್ಟಿದೆ," ಎಂದರು ಟೀಚರ್. "ಎಲ್ಲಿ ಜಾರತ್ತೆ, ಎಲ್ಲಿ ಚಕ್ರ ಹೂತ್ಕೊಳತ್ತೆ ಅಂತ ಬರೆಯೋರು ಯಾರು? ಸಾಕಾಯ್ತು ಮಾರಾಯ್ತಿ."

ಮರುದಿನ ನೋಡಿದರೆ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಅಂಗನವಾಡಿಯ ಗುಂಡು ಅಕ್ಷರಗಳಲ್ಲಿ ತಾವೇ ಬರೆಯುತ್ತಿದ್ದರು. 'ಜಲ್ಲಿ ಇದೆ.' 'ಬೇರು ಇದೆ.' ದಾರಿಯ ಇಳಿಜಾರು ಮುಗಿಯುವಲ್ಲಿ ಪಾಚಿಗಟ್ಟಿದ ಒಂದು ಮೋರಿ ಇತ್ತು. ಇಳಿಜಾರಿನ ತಲೆಯಲ್ಲಿ ನೆಟ್ಟ ತಗಡಿನ ಮೇಲೆ ಒಂದೇ ಮಾತು: 'ಇಳಿ.'

ಮೊದಲ ದಿನವೇ ಮಗಳು ಮಂಡಿ ತರಚಿಕೊಂಡು, ಯೂನಿಫಾರ್ಮಿಗೆಲ್ಲ ಪಾಚಿ ಬಳಿದುಕೊಂಡು ಬಂದಳು. "ಇಳಿ ಅಂತ ಬರ್ದಿತ್ತಮ್ಮ. ಬ್ರೇಕ್ ಬಿಟ್ಟು ಇಳ್ದೆ."

"ಹಾಸ್ಟೆಲ್ಲೇ ಸರಿ," ಎಂದರು ನಮ್ಮನೆಯವರು.

ಸುದ್ದಿ ಕೇಳಿ ಬಂದ ಟೀಚರ್ ನಮ್ಮ ಮೆಟ್ಟಿಲ ಮೇಲೆ ಕೂತರು. "ನಾನಲ್ಲಿ ಯಾವತ್ತೂ ಸೈಕಲ್ಲಿಂದ ಇಳ್ಕೊಂಡೇ ಹೋಗಿದ್ದು. ಇಳಿ ಅಂದ್ರೆ ಬೇರೆ ಅರ್ಥ ನಂಗೆ ಹೊಳೀಲೇ ಇಲ್ಲ." ಸ್ವಲ್ಪ ಹೊತ್ತು ಸೀರೆಯ ಕಪ್ಪು ಗೆರೆಯನ್ನೇ ಉಜ್ಜುತ್ತಿದ್ದು, "ನಡಿ ಅಂತ ಬರೀಲಾ?" ಎಂದರು.

"ನಡಿ ಅಂದ್ರೆ ಹೊರಡು ಅಂತ್ಲೂ ಆಗತ್ತಲ್ವಾ ಟೀಚರ್?" ಎಂದಳು ಮಗಳು.

"ತಳ್ಳು?"

"ಯಾರನ್ನ?"

ಟೀಚರ್ ನಕ್ಕುಬಿಟ್ಟರು. ಬಿಗುಮುಖದಲ್ಲಿ ನಿಂತಿದ್ದ ನಮ್ಮನೆಯವರೂ ಆಚೆ ತಿರುಗಿ ನಕ್ಕರು.

"ಒಂದ್ ವಾರ ನೋಡಪ್ಪಾ," ಎಂದರು ಟೀಚರ್ ಅವರಿಗೆ. "ನಾನೇ ಜೊತೆಗೆ ಹೋಗ್ತೀನಿ. ಆಮೇಲೆ ಎಲ್ಲಿಗಾದ್ರೂ ಹಾಕು."

ಹೊಸ ತಗಡು ಬಂತು: 'ಇಲ್ಲಿ ಸೈಕಲ್ ತಳ್ಕೊಂಡು ಹೋಗು ಮಗಾ.' ಆ ವಾರವಿಡೀ, ತಮ್ಮ ಹಳೇ ಮಂಡಿನೋವಿನಲ್ಲೇ, ಅವರು ಮಗಳ ಹಿಂದೆ ಪೆಡಲ್ ತುಳಿದರು. ಹಾಸ್ಟೆಲಿನ ಮಾತು ಅಲ್ಲಿಗೇ ನಿಂತಿತು. ನನ್ನ ಮಗಳು ಸಂಜೆ ನನ್ನ ಮನೆಗೇ ಬರುತ್ತಾಳೆ.

ಟೀಚರ್ ತೀರಿಕೊಂಡ ಮೇಲೆ ಎರಡು ಮಳೆಗಾಲ ಕಳೆದವು. ಜಲ್ಲಿ ಇನ್ನೂ ಹಾಗೇ ಹರಡಿಕೊಂಡಿದೆ. ಪಂಚಾಯಿತಿಯಲ್ಲಿ ಕೇಳಿ ಕೇಳಿ ನನಗೂ ಸಾಕಾಗಿದೆ. ಮೊನ್ನೆ ಆ ದಾರಿಯಲ್ಲಿ ಮಗಳು ಮುಂದೆ ಸೈಕಲ್ಲಿನಲ್ಲಿ, ನಾನು ಹಿಂದೆ ನಡೆದು ಹೋಗುತ್ತಿದ್ದೆವು. ಇಳಿಜಾರಿನ ತಗಡಿನಲ್ಲಿ ಬಣ್ಣವೆಲ್ಲ ಎದ್ದುಹೋಗಿ 'ಮಗಾ' ಎಂಬುದೊಂದೇ ಉಳಿದಿತ್ತು.

ಮಗಳು ಅದರ ಮುಂದೆ ಸೈಕಲ್ಲಿಂದ ಇಳಿದಳು.