ನರಸಬಾಯಿ ಅಮೃತಮ್ಮನ ಚಮಚೆ ಹಾಲು

ನಮ್ಮ ಸೋದರತ್ತೆ ಅಮೃತಮ್ಮ ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವ ಹೆಂಗಸು. ಸಾರಿಗೆ ಉಪ್ಪು ಬಿತ್ತೇ ಎಂದು ಮನೆಮಂದಿಯನ್ನೆಲ್ಲ ಕೇಳುತ್ತಿದ್ದಳು. ಬಿದ್ದಿದೆ ಎಂದರೆ ನಂಬದೆ ಮತ್ತೊಂದು ಚಿಟಿಕೆ ಹಾಕಿ ಸಾರು ಕೆಡಿಸುತ್ತಿದ್ದಳು. ಇಂಥವಳನ್ನು ನರ್ಸ್ ಮಾಡಿದ ಸರಕಾರಕ್ಕೆ ಬುದ್ಧಿ ಇರಲಿಲ್ಲ ಎಂದು ನಮ್ಮಪ್ಪ ನಗುತ್ತಿದ್ದ. ಆ ಮಾತಿಗೆ ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಎಲ್ಲ ಬಲ್ಲೆ ಎಂದು ಎದೆ ಉಬ್ಬಿಸಿಕೊಂಡವರು ಎಷ್ಟು ಮನೆ ಮುರಿದಿದ್ದಾರೆ ಎಂಬುದನ್ನು ನಾನೂ ನೋಡಿದ್ದೇನೆ.

ಅತ್ತೆ ಸುರಪುರದವಳು. ಮೈನೆರೆದ ಮರುವರ್ಷವೇ ಗಂಡ ಸತ್ತ. ಊರವರು ಏನಂದರೂ ಕಿವಿಗೆ ಹಾಕಿಕೊಳ್ಳದೆ ನಮ್ಮಜ್ಜ ಅವಳನ್ನು ಹೈದರಾಬಾದಿಗೆ ಕಳಿಸಿ ನರ್ಸ್ ಕೆಲಸ ಕಲಿಸಿದ. ನಿಜಾಮನ ರಾಜ್ಯದ ಕೊನೆಗಾಲದಲ್ಲಿ ಅವಳು ಶಹಾಪುರದ ಸಣ್ಣ ದವಾಖಾನೆಗೆ ಬಂದಳು, ರೋಗಿಗಳ ಮಾತಿನಲ್ಲಿ 'ನರಸಬಾಯಿ' ಆದಳು. ಬಂದು ಕಾಲೂರುವಷ್ಟರಲ್ಲಿ ರಜಾಕಾರರ ಗಲಾಟೆ, ಅದು ಮುಗಿಯುವಷ್ಟರಲ್ಲಿ ದಿಲ್ಲಿಯ ಸೈನ್ಯ ಬಂದು ಪೊಲೀಸ್ ಆಕ್ಷನ್. ಬಾವುಟ ಬದಲಾಯಿತು, ಸಾಹೇಬರು ಬದಲಾದರು, ಗೋಡೆಯ ಮೇಲಿನ ಚಿತ್ರವೂ ಬದಲಾಯಿತು. ಅತ್ತೆ ಮಾತ್ರ ಅದೇ ಬಿಳಿ ಸೀರೆಯಲ್ಲಿ ಅದೇ ವಾರ್ಡಿನ ನಡುವೆ, ಈಗ ಯಾರ ಮಾತು ಕೇಳಬೇಕು ಎಂದು ತಿಳಿಯದೆ ನಿಂತಿದ್ದಳು.

ರೋಗಿಗಳ ವಿಷಯದಲ್ಲೂ ಹಾಗೇ ಆಯಿತು. ಮೊದಲಿನ ಡಾಕ್ಟರು ಹೈದರಾಬಾದಿನವರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಕಾರಿದವನಿಗೆ ಅನ್ನ ನೀರು ಎರಡೂ ಬಂದ್, ಹೊಟ್ಟೆ ಖಾಲಿ ಇದ್ದರೇ ಹುಣ್ಣು ಮಾಯುತ್ತದೆ ಎಂದು ಅವರು ಕಲಿಸಿದ್ದರು. ಆಕ್ಷನ್ ಆದ ಮೇಲೆ ಅವರು ಊರು ಬಿಟ್ಟರು. ಅವರ ಜಾಗಕ್ಕೆ ಧಾರವಾಡದ ಕಡೆಯ ಡಾಕ್ಟರು ಬಂದರು. ಇವರು ಹೇಳಿದ್ದು ಪೂರಾ ಉಲ್ಟಾ. ಖಾಲಿ ಹೊಟ್ಟೆಯ ಹುಳಿ ಹುಣ್ಣನ್ನು ತಿನ್ನುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ಗಂಟೆಗೊಮ್ಮೆ ಹಾಲು, ಅದರ ಜೊತೆ ಹುಳಿ ತಗ್ಗಿಸುವ ಬಿಳಿ ಪುಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಇಬ್ಬರೂ ಓದಿದವರು, ಇಬ್ಬರೂ ಒಳ್ಳೆಯವರು. ಯಾರದು ಖರೆ ಎಂದು ಅತ್ತೆ ಕಂಪೌಂಡರ್ ಮನ್ಸೂರಅಲಿಯನ್ನು ಕೇಳಿದಳು. ಅವನು ಬಾಟಲಿ ಒರೆಸುತ್ತ, "ನೌಕರಿ ಇರೂತನಕ ಈಗಿನ ಸಾಹೇಬರದ್ದೇ ಖರೆ ನೋಡ್ರಿ ಬಾಯಿ" ಎಂದನಂತೆ.

ಗೊಂದಲ ಹೀಗಿರುವಾಗಲೇ ಮಲ್ಕಪ್ಪ ಬಂದ. ಗೋಗಿ ಊರಿನ ಹತ್ತಿರದ ಕುರಿಗಾರ. ಎತ್ತಿನ ಗಾಡಿಯಲ್ಲಿ ಕಂಬಳಿ ಹಾಸಿ ಮಲಗಿಸಿಕೊಂಡು ಹೆಂಡತಿ ರೇಣಮ್ಮ ಕರೆತಂದಿದ್ದಳು. ದಾರಿಯಲ್ಲಿ ಎರಡು ಸಲ ರಕ್ತ ಕಾರಿದ್ದ. ಕೈಕಾಲು ತಣ್ಣಗಿದ್ದವು, ನಾಡಿ ಹುಡುಕಿದರೆ ಮಾತ್ರ ಸಿಗುತ್ತಿತ್ತು. ಡಾಕ್ಟರು ನೋಡಿ, ತಲೆ ಎತ್ತಗೊಡಬೇಡಿ, ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಮಂಚ ಎತ್ತರಿಸಿ, ಹಾಲು ಚಮಚೆಯಿಂದ ಕುಡಿಸಿ ಎಂದು ಹೇಳಿದರು. ಹಾಲು ನಿಂತರೆ ಇವನ ಜೀವ ನಿಂತಂತೆ ಎಂದೂ ಹೇಳಿದರು. ಮರುದಿನ ಸುರಪುರದ ಕಡೆ ಕಾಲರಾ ಎಂದು ಅವರು ಜೀಪು ಹತ್ತಿ ಹೋದರು. ಮಲ್ಕಪ್ಪನ ಜೀವ ಅತ್ತೆಯ ಚಮಚೆಗೆ ಬಿತ್ತು.

ಅತ್ತೆ ಹಾಲು ಕಾಯಿಸಿ ಆರಿಸಿ ತಂದಳು. ಮಲ್ಕಪ್ಪ ಚಮಚೆ ನೋಡಿದ, ಅತ್ತೆಯ ಮುಖ ನೋಡಿದ, ಹಲ್ಲು ಕಚ್ಚಿ ಬಾಯಿ ಮುಚ್ಚಿದ. ಹಾಲು ಗಲ್ಲದ ಮೇಲೆ ಹರಿದು ಕಂಬಳಿಗೆ ಬಿತ್ತು. ಸಕ್ಕರೆ ಹಾಕಿ ನೋಡಿದಳು, ಬೈದು ನೋಡಿದಳು, ಅಣ್ಣಾ ತಂದೇ ಎಂದು ಗಲ್ಲ ಹಿಡಿದಳು. ಉಹೂಂ. ಆದರೆ ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತಿದಾಗ ಮಾತ್ರ ಕೂಸಿನ ಹಾಗೆ ಚೀಪಿದ. ಅಂದರೆ ಗಂಟಲು ಸರಿಯಿದೆ, ದಾಹವೂ ಇದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಮಾಡಿದವನು ಈ ಕುರಿಗಾರನನ್ನು ನೋಡಿರಲಿಲ್ಲ. ಹಾಲಿನಲ್ಲೇ ಹುಟ್ಟಿ ಬೆಳೆದವನು ಹಾಲನ್ನು ವಿಷದಂತೆ ನೋಡುತ್ತಿದ್ದ.

ಮರುದಿನ ಮತ್ತೆ ಕಪ್ಪಗೆ ವಾಂತಿ ಮಾಡಿಕೊಂಡ. ಅತ್ತೆ ಹಾಲಿನ ಬಟ್ಟಲು ಕೆಳಗಿಟ್ಟಳು. ಹಳೆಯ ಡಾಕ್ಟರು ಹೇಳಿದ್ದೇ ಖರೆ ಇರಬಹುದೇ? ಇವನ ಮೈಯೇ ಹಾಲು ಬೇಡ ಅನ್ನುತ್ತಿದೆಯೇ? ನಾನು ಬಲವಂತ ಮಾಡಿ ಕುಡಿಸಿ ಸತ್ತರೆ ಪಾಪ ಯಾರಿಗೆ, ಕುಡಿಸದೆ ಸತ್ತರೆ ಯಾರಿಗೆ? ಅತ್ತ ದರಿ, ಇತ್ತ ಪುಲಿ. ನಾಡಿ ನೋಡುವುದು, ವಾಂತಿಯ ಬೋಗುಣಿ ನೋಡುವುದು, ಮಲ ಇನ್ನೂ ಡಾಂಬರಿನಂತೆ ಕಪ್ಪಗಿದೆಯೇ ನೋಡುವುದು, ಬಾಯಿ ಒರೆಸುವುದು, ಮಗ್ಗುಲು ಮಾಡುವುದು. ಇಷ್ಟನ್ನು ಅವಳ ಕೈಗಳು ಮಾಡುತ್ತಿದ್ದವು. ತಲೆಗೆ ಮಾತ್ರ ಏನೂ ಹೊಳೆಯುತ್ತಿರಲಿಲ್ಲ.

ಒಂದನ್ನು ಅವಳು ಗಮನಿಸಿದಳು. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಮಲ್ಕಪ್ಪನ ಕಣ್ಣು ಅತ್ತ ಹೋಗುತ್ತಿತ್ತು, ಹೋಗಿ ಬಾಡಿ ತಿರುಗಿ ಬರುತ್ತಿತ್ತು. ಯಾರ ದಾರಿ ನೋಡುತ್ತಿದ್ದಾನೆ ಎಂದು ರೇಣಮ್ಮನನ್ನು ಕೇಳಿದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆಗೆ ರೇಗಿತು.

"ನಿನ್ನ ಗಂಡ ನಿನ್ನ ಕಣ್ಣಮುಂದ ಹೊಂಟಾನ, ನೀ ಮೂಕಿ ಆಗಿ ಕುಂತೀಯಲ್ಲ! ಬಾಯಿ ಬಿಡು."

"ಹೆಂಗ ಅನ್ಲಿರಿ ಬಾಯಾರ, ಅನಬಾರದ ಮಾತು," ಎಂದು ರೇಣಮ್ಮ ಅಳತೊಡಗಿದಳು. "ನಮ್ಮಾಗ ಮಲಗಿಸಿ ಚಮಚೀಲೆ ಹಾಲು ಬಿಡೋದು ಒಮ್ಮೇರಿ. ಹೋಗೂ ಮುಂದ. ಮಂದಿ ಎಲ್ಲಾ ಬಿಡ್ತಾರ, ಒಡಹುಟ್ಟಿದವ್ರು ಬಿಟ್ಟಮ್ಯಾಲೆ ಜೀವ ಹೋಗ್ತದ. ಇವಂಗ ಒಬ್ಬಾವ ತಮ್ಮ ಅದಾನ, ಹುಲಗಪ್ಪ. ಮಾತು ಬಿಟ್ಟು ಎರಡು ವರ್ಷ ಆತು. ತಮ್ಮ ಬರೂತನಕ ಬಾಯಿ ತೆರಿಯಾಂಗಿಲ್ಲ ಅಂತ ಹಿಡದಾನ್ರಿ."

ಅತ್ತೆ ಅಲ್ಲೇ ಕುಸಿದು ಕೂತಳು. ನಮ್ಮ ಮನೆಯಲ್ಲಿ ಸಾಯುವವರ ಬಾಯಿಗೆ ಬಿಡುವುದು ನೀರು. ಹಾಲಿನಲ್ಲಿ ಸಾವು ಕಾಣುವ ಜನರಿದ್ದಾರೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಗಂಟೆಗೊಮ್ಮೆ ಚಮಚೆ ಹಿಡಿದು ನಿಂತ ಬಿಳಿ ಸೀರೆಯ ಹೆಂಗಸು ಆ ಮನುಷ್ಯನಿಗೆ ಏನಾಗಿ ಕಂಡಿರಬೇಕು! ಅವಳು ಎದ್ದು ಹೋಗಿ, "ಅಣ್ಣಾ, ಇದು ಹೋಗೂ ಹಾಲಲ್ಲೋ, ಔಷಧದ ಹಾಲು," ಎಂದು ಬಿಡಿಸಿ ಹೇಳಿದಳು. ಮಲ್ಕಪ್ಪ ನಿಧಾನಕ್ಕೆ ನಕ್ಕ.

"ಹೋಗಾವಂಗ ಎಲ್ಲಾರೂ ಹಂಗಽ ಅಂತಾರ್ರಿ ಬಾಯಾರ."

ಇನ್ನು ತಮ್ಮನನ್ನು ಕರೆಸುವುದೊಂದೇ ದಾರಿ. ಹುಲಗಪ್ಪ ವಡಗೇರಾದ ಕಡೆ ಯಾರದೋ ಕುರಿ ಕಾಯುತ್ತಿದ್ದ. ಹೋಗಿ ಕರೆತರಲು ಇದ್ದದ್ದು ಮನ್ಸೂರಅಲಿಯ ಸೈಕಲ್ಲು. ಆಕ್ಷನ್ ಆದ ಮೇಲೆ ಅವನು ಊರ ಸೀಮೆ ದಾಟಿರಲಿಲ್ಲ. ಹಳ್ಳಿಗಳ ದಾರಿಯಲ್ಲಿ ತನ್ನ ಮುಸಲ್ಮಾನ ಹೆಸರು ಹೇಳಲು ಅವನಿಗೆ ಅಂಜಿಕೆ, ಆ ದಿನಗಳಲ್ಲಿ ಅದು ಸುಳ್ಳು ಅಂಜಿಕೆಯಲ್ಲ. ಹೋಗಲೋ ಬೇಡವೋ ಎಂದು ಅವನು, ಕಳಿಸಲೋ ಬೇಡವೋ ಎಂದು ಅತ್ತೆ. ಕೊನೆಗೆ ಅವನೇ ಟೈರಿಗೆ ಗಾಳಿ ಹೊಡೆದುಕೊಂಡ.

"ಏನಂತ ಹೇಳ್ಲಿ ಬಾಯಿ? ಸಾಯಾಕತ್ತಾನ ಅಂತೇನು, ಬದುಕ್ತಾನ ಅಂತೇನು?"

ಸಾಯುತ್ತಾನೆ ಎಂದರೆ ಸುಳ್ಳು, ಬದುಕುತ್ತಾನೆ ಎಂದರೆ ತಮ್ಮ ಬರುವುದಿಲ್ಲ. "ಅಣ್ಣಗ ಹಾಲು ಬಿಡೋದದ, ಬಾ ಅನ್ನು. ಅಷ್ಟ ಅನ್ನು," ಎಂದಳು ಅತ್ತೆ. ಹಾಗೆ ಹೇಳಿ ಕಳಿಸಿದ್ದು ಮೋಸವೋ ಅಲ್ಲವೋ ಎಂದು ಸಾಯುವತನಕ ನಮ್ಮನ್ನು ಕೇಳುತ್ತಿದ್ದಳು.

ಮರುದಿನ ಹೊತ್ತು ವಾಲುವ ಮುಂದೆ ಹುಲಗಪ್ಪ ಬಂದ. ಹೆಗಲ ಮೇಲೆ ಕಂಬಳಿ, ಹಣೆಗೆ ಕುರುಬರ ದೇವರು ಅಮೋಘಸಿದ್ದನ ಭಂಡಾರದ ಅರಿಶಿನ. ಮಂಚದ ಹತ್ತಿರ ಬಂದು ಅಣ್ಣನ ಮುಖ ನೋಡಿದ. ಅತ್ತೆ ಬಟ್ಟಲು ಚಮಚೆ ಅವನ ಕೈಗೆ ಕೊಟ್ಟಳು. ಅವನು ಚಮಚೆ ತುಂಬಿಕೊಂಡು ಅಣ್ಣನ ಕಿವಿಯ ಹತ್ತಿರ ಬಾಗಿದ.

"ಅಣ್ಣಾ, ಹೋಗೂ ಮುಂದ ಕೇಳಿ ಹೋಗು," ಎಂದ ಹುಲಗಪ್ಪ. "ರಜಾಕಾರರ ಗದ್ದಲದಾಗ ನೀ ನನ್ನ ಕೈಯಾಗ ಕುರಿ ಬಿಟ್ಟು ಹೋಗಿದ್ದಿ. ಬಂದೂಕ ತೋರ್ಸಿ ಹೊಡಕೊಂಡು ಹೋದ್ರು ಅಂತ ನಾ ಹೇಳಿದ್ದೆ. ನಾ ಮಾರಿಕೊಂಡೀನಿ ಅಂತ ನೀ ಅಂದಿ. ಎರಡೂ ಸುಳ್ಳೋ ಅಣ್ಣಾ. ದೂರ ಎಲ್ಲೋ ಮೋಟರ್ ಸಪ್ಪಳ ಕೇಳಿ, ನಾ ಕುರಿ ಬಿಟ್ಟು ಓಡಿದೆ. ತಿರುಗಿ ಬಂದಾಗ ಒಂದೂ ಇರ್ಲಿಲ್ಲ. ಯಾರು ಒಯ್ದ್ರೋ, ತಾವಽ ಹೋದ್ವೋ, ನನಗ ಇವತ್ತಿಗೂ ತಿಳಿದಿಲ್ಲ."

ಕುರಿ ಮಾರಿಕೊಂಡವನನ್ನು ಅವರ ಜನ ಕ್ಷಮಿಸಿಯಾರು. ಬಿಟ್ಟು ಓಡಿದವನು ಕುರಿಗಾರನೇ ಅಲ್ಲ. ಹುಲಗಪ್ಪ ಇದನ್ನು ಹೇಳಿದ್ದು ಸಾಯುವವನ ಕಿವಿಗೆ, ಇನ್ನು ಎಂದೂ ಅವನ ಮುಖ ನೋಡಬೇಕಾಗಿಲ್ಲ ಎಂಬ ಧೈರ್ಯದ ಮೇಲೆ. ಮಲ್ಕಪ್ಪ ಬಾಯಿ ತೆರೆದ. ಬಟ್ಟಲು ಪೂರ್ತಿ ಕುಡಿದು, ಕಣ್ಣು ಮುಚ್ಚಿ, ಸಾಯಲು ಸಿದ್ಧನಾಗಿ ಮಲಗಿದ.

ಸಾಯಲಿಲ್ಲ. ಗಂಟೆ ಕಳೆಯಿತು. ಅತ್ತೆ ಇನ್ನೊಂದು ಬಟ್ಟಲು ತಂದಳು. ಜೀವ ಗಟ್ಟಿ ಇದೆ, ಇನ್ನೊಮ್ಮೆ ಬಿಟ್ಟರೆ ಹೋದೀತು ಎಂದುಕೊಂಡು ಹುಲಗಪ್ಪ ಮತ್ತೆ ಬಿಟ್ಟ. ಮತ್ತೊಂದು ಗಂಟೆ, ಮತ್ತೊಂದು ಬಟ್ಟಲು. ಬೇರೆ ಯಾರು ಕೊಟ್ಟರೂ ಮಲ್ಕಪ್ಪ ಕುಡಿಯುತ್ತಿರಲಿಲ್ಲ. ದಿನಗಳು ಹೀಗೇ ಹೋದವು. ನಾಡಿ ಕೈಗೆ ಸಿಗತೊಡಗಿತು, ವಾಂತಿ ನಿಂತಿತು, ಮಲದ ಕಪ್ಪು ತಿಳಿಯಾಯಿತು. ಹುಲಗಪ್ಪ ದಿನಾ ಅಣ್ಣನ ಮುಖ ನೋಡುವುದು, ಹೊರಗೆ ಹೋಗಿ ಬೇವಿನ ಕಟ್ಟೆಯ ಮೇಲೆ ತಲೆ ಕೆರೆದುಕೊಂಡು ಕೂರುವುದು. ಅಣ್ಣ ಬದುಕುತ್ತಾನೆ ಎಂದು ಹೇಳಿಬಿಟ್ಟರೆ ಹುಲಗಪ್ಪ ಎದ್ದು ಹೋಗುತ್ತಾನೆ, ಹೇಳದಿದ್ದರೆ ನೀನು ಎಂಥ ಹೆಂಗಸು ಎಂದು ತನ್ನನ್ನೇ ಕೇಳಿಕೊಳ್ಳುತ್ತ ಅತ್ತೆ ಹಾಲು ಕಾಯಿಸಿದಳು.

ಕೊನೆಗೆ ಹೇಳಿದವರು ಡಾಕ್ಟರು. ಕಾಲರಾ ಊರುಗಳಿಂದ ತಿರುಗಿ ಬಂದವರು ಮಲ್ಕಪ್ಪನ ಹೊಟ್ಟೆ ಒತ್ತಿ, ಕಣ್ಣ ರೆಪ್ಪೆ ಎಳೆದು ನೋಡಿ, "ಉಳದಾನ್ರಿ ಇವ. ನಾಳಿಂದ ತಿಳಿ ಗಂಜಿ ಶುರು ಮಾಡ್ರಿ," ಎಂದು ಮುಂದಿನ ಮಂಚಕ್ಕೆ ಹೋದರು.

ಹುಲಗಪ್ಪ ಬಟ್ಟಲು ಹಿಡಿದುಕೊಂಡೇ ಅತ್ತೆಯ ಕಡೆ ತಿರುಗಿದ.

"ಉಳದಾನಂದ್ರ? ಸಾಯಾಂಗಿಲ್ಲೇನ್ರಿ ಇವ?"

"ಇಲ್ಲೋ ತಮ್ಮಾ."

"ಹಂಗಾರ ನಾ ಅಂದಿದ್ದೆಲ್ಲಾ ಕೇಳಿಕೊಂಡು ಬದುಕ್ತಾನೇನ್ರಿ!"

ಅತ್ತೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲವಂತೆ. ಹುಲಗಪ್ಪ ಬಟ್ಟಲು ಕೆಳಗಿಟ್ಟ. ಕಂಬಳಿ ಎತ್ತಿ ಹೆಗಲಿಗೆ ಹಾಕಿಕೊಂಡ. ನಾಲ್ಕು ಮಂದಿ ರೋಗಿಗಳ ಮುಂದೆ ಗಂಡಸು ಬಿಕ್ಕಿ ಬಿಕ್ಕಿ ಅಳುತ್ತ ಬಾಗಿಲ ಕಡೆ ನಡೆದ.

"ಎಲ್ಲಿಗ್ಯೋ?" ಎಂದ ಮಲ್ಕಪ್ಪ. ಬಂದಾಗಿನಿಂದ ಅವನ ದನಿ ಅಷ್ಟು ಗಟ್ಟಿಯಾಗಿ ಯಾರೂ ಕೇಳಿರಲಿಲ್ಲ. "ನೀ ಕುರಿ ಬಿಟ್ಟು ಓಡಿದಿ. ನಾ ಏನ್ ನಿಂತಿದ್ದೆನೇನು? ನಾ ನಿನ್ನ ಬಿಟ್ಟು ನಿಜಾಮನ ಗಡಿ ದಾಟಿ ತಾಳಿಕೋಟಿಗೆ ಓಡಿದೆ."

ಹುಲಗಪ್ಪ ಬಾಗಿಲಲ್ಲಿ ನಿಂತ.

"ಅಳೋದು ಆಮ್ಯಾಲೆ ಅಳು," ಎಂದ ಮಲ್ಕಪ್ಪ. "ಹಾಲು ಆರಾಕತ್ತದ, ಕುಡಸು ಬಾ."